ಸುಟ್ಟ ಕಾರಿನಲ್ಲಿ ಸಿಗದ ಕ್ಲಿಪ್

ಟೋಯಿಂಗ್ ಗಾಡಿಯಿಂದ ಕಾರು ಇಳಿಯುವ ಮೊದಲೇ ವಾಸನೆ ಬಂತು. ಸುಟ್ಟ ರಬ್ಬರು, ಸುಟ್ಟ ಬಣ್ಣ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಇದ್ದ ಕಾಲದ ಪುಟ್ಟ ಕಾರು. ಬಾನೆಟ್ ಮೇಲಿನ ಬಣ್ಣ ಗುಳ್ಳೆ ಎದ್ದು ಸಿಪ್ಪೆ ಸಿಪ್ಪೆಯಾಗಿ ಕಿತ್ತು ಬಂದಿತ್ತು. ಒಳಗೆಲ್ಲ ತಿಳಿ ಹಳದಿ ಪುಡಿ. ದಾರಿಯಲ್ಲಿದ್ದ ಯಾರೋ ಬೆಂಕಿ ಆರಿಸುವ ಸಿಲಿಂಡರ್ ತಂದು, ಬಾನೆಟ್ ಪೂರ್ತಿ ಎತ್ತದೆ, ಸಂದಿಯಿಂದಲೇ ಹೊಡೆದಿದ್ದರಂತೆ. ಪುಣ್ಯಾತ್ಮರು. ಪೂರ್ತಿ ಎತ್ತಿದ್ದರೆ ಗಾಳಿ ನುಗ್ಗಿ ಬೆಂಕಿ ಮುಖಕ್ಕೇ ಬರುತ್ತಿತ್ತು.

ಕಾರಿನ ಯಜಮಾನರು ನಮ್ಮ ಗ್ಯಾರೇಜಿನ ಹಳೇ ಗಿರಾಕಿ, ವಯಸ್ಸಾದವರು. "ಪೆಟ್ರೋಲ್ ವಾಸನೆ ಬರ್ತಾ ಇತ್ತು, ಮನೆಗೆ ಹೋಗಿ ನೋಡೋಣ ಅಂದ್ಕೊಂಡೆ" ಅಂದರು. ಹಳೇ ಗಾಡಿ ಇಟ್ಟುಕೊಂಡವರೆಲ್ಲ ಹೀಗೇ ಅಂದುಕೊಳ್ಳೋದು. ಆದರೆ ಇಂಥ ಗಾಡಿಯಲ್ಲಿ ಪೆಟ್ರೋಲ್ ಪಂಪನ್ನು ಎಂಜಿನ್ನೇ ಓಡಿಸುತ್ತದೆ. ಎಂಜಿನ್ ತಿರುಗುವಷ್ಟು ಹೊತ್ತೂ ಸೋರುವ ಜಾಗಕ್ಕೆ ಪೆಟ್ರೋಲ್ ಬರುತ್ತಲೇ ಇರುತ್ತದೆ. ವಾಸನೆ ಬಂದಲ್ಲೇ ಪಕ್ಕಕ್ಕೆ ಹಾಕಿ ಕೀ ಆಫ್ ಮಾಡಿದ್ದರೆ ಒಂದು ಹೋಸ್ ಬದಲಾಯಿಸಿ ಮುಗಿಸಬಹುದಿತ್ತೋ ಏನೋ.

ಬ್ಯಾಟರಿಯ ಮೈನಸ್ ಬಿಚ್ಚಿ, ಫೋಟೋ ತೆಗೆದೆವು. ಇನ್ಶೂರೆನ್ಸ್ ಇದ್ದರೆ ಅವರು ಬಂದು ನೋಡುವ ತನಕ ಒಂದು ಬೋಲ್ಟನ್ನೂ ಬಿಚ್ಚಬಾರದು. ಇವರದ್ದರಲ್ಲಿ ಬೆಂಕಿಗೆ ಏನೂ ಸಿಗುವ ಹಾಗಿರಲಿಲ್ಲ, ಹಾಗಾಗಿ ಕೆಲಸ ಶುರು ಮಾಡಿದೆವು. ಎಡವಟ್ಟೂ ಅಲ್ಲೇ ಶುರುವಾಯಿತು. ನಾನು ಫೋನಿನಲ್ಲಿದ್ದಾಗ ನಮ್ಮ ಕೆಲಸದ ಹುಡುಗ ಪ್ರೆಶರ್ ವಾಷರ್ ಹಿಡಿದು ಪುಡಿಗೆಲ್ಲ ನೀರು ಹೊಡೆದುಬಿಟ್ಟ. ಆ ಪುಡಿಯಲ್ಲಿ ಸಾಮಾನ್ಯವಾಗಿ ಇರೋದು ಅಮೋನಿಯಂ ಫಾಸ್ಫೇಟ್. ಒಣಗಿದ್ದಾಗ ಪರವಾಗಿಲ್ಲ, ಒದ್ದೆಯಾಗಿ ನಿಂತರೆ ಹುಳಿಯಾಗಿ ಅಲ್ಯೂಮಿನಿಯಮ್ಮನ್ನೂ ತಾಮ್ರದ ಟರ್ಮಿನಲ್‌ಗಳನ್ನೂ ತಿನ್ನುತ್ತದೆ. ಮೊದಲು ಬ್ರಷ್ ಮತ್ತು ವ್ಯಾಕ್ಯೂಮ್‌ನಿಂದ ಒಣಗಿದ್ದನ್ನೇ ತೆಗೆಯಬೇಕು, ಆಮೇಲೆ ನೀರು. ಕರಗಿದ ಸೀಲ್‌ಗಳನ್ನು ಬರಿಗೈಯಲ್ಲಿ ಮುಟ್ಟಬಾರದು ಅನ್ನೋದನ್ನೂ ಅವನಿಗೆ ಅವತ್ತೇ ಹೇಳಿದೆ. ಫ್ಲೋರಿನ್ ಇರುವ ಜಾತಿಯ ರಬ್ಬರ್ ಸುಟ್ಟರೆ ಚರ್ಮದೊಳಗೆ ಇಳಿಯುವಂಥ ಆಸಿಡ್ ಉಳಿದಿರಬಹುದು. ಗ್ಲೌಸ್ ಹಾಕಲು ಒಂದು ನಿಮಿಷ ಸಾಕು ಅಲ್ವಾ?

ಈಗ ಕಾರಣ. ಗ್ಯಾರೇಜಿಗೆ ಬಂದವರೆಲ್ಲ ಇಣುಕಿ "ಶಾರ್ಟ್ ಸರ್ಕ್ಯೂಟ್" ಅಂದರು. ನಾನೂ ಮೊದಲು ಅದನ್ನೇ ಅಂದೆ. ವೈರುಗಳ ಪ್ಲಾಸ್ಟಿಕ್ ಪೂರ್ತಿ ಹೋಗಿ ತಾಮ್ರ ಬೆತ್ತಲಾಗಿತ್ತು, ನೋಡಿದವರಿಗೆ ಇನ್ನೇನು ಅನಿಸಬೇಕು? ಆದರೆ ಬೆಂಕಿ ಯಾವುದರಿಂದ ಹತ್ತಿದರೂ ವೈರ್ ಸುಟ್ಟೇ ಸುಡುತ್ತದೆ. ಶಾರ್ಟ್ ಆದ ಕಡೆ ತಾಮ್ರದ ತುದಿಯಲ್ಲಿ ಸಾಮಾನ್ಯವಾಗಿ ಸಣ್ಣ ಮಣಿಯಂಥ ಗುಂಡು ಸಿಗುತ್ತದೆ. ಭೂತಗನ್ನಡಿ ಹಿಡಿದು ಹುಡುಕಿದರೂ ಒಂದೂ ಸಿಗಲಿಲ್ಲ.

ಆಮೇಲೆ ಕರಗಿದ್ದು ಯಾವುದು, ಕರಗದೇ ಉಳಿದದ್ದು ಯಾವುದು ನೋಡುತ್ತ ಹೋದೆ. ಕಾರ್ಬುರೇಟರ್‌ನ ಮೇಲ್ಭಾಗ ಸತುವಿನ ಮಿಶ್ರಲೋಹ, ಸುಮಾರು 380 ಡಿಗ್ರಿಗೆ ಕರಗುತ್ತದೆ. ಅದು ಒಂದು ಕಡೆ ಜೋಲುಬಿದ್ದಿತ್ತು. ಅದರ ಕೆಳಗೆ, ಆ ಮಿಶ್ರಣವನ್ನು ಎಂಜಿನ್ನಿಗೆ ಒಯ್ಯುವ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಕರಗಲು 500 ಡಿಗ್ರಿಗೂ ಜಾಸ್ತಿ ಬೇಕು. ಅದಕ್ಕೆ ಮಸಿ ಹಿಡಿದಿತ್ತು, ಅಷ್ಟೆ. ಬ್ಯಾಟರಿ ಕಡೆಯ ಪ್ಲಾಸ್ಟಿಕ್ ಡಬ್ಬಿಗಳು ಬಾಗಿದ್ದವು, ಆದರೆ ಸುಟ್ಟಿರಲಿಲ್ಲ. ಜಾಸ್ತಿ ಬಿಸಿ ಇದ್ದದ್ದು ಕಾರ್ಬುರೇಟರ್‌ನ ಒಂದೇ ಮಗ್ಗುಲಿನಲ್ಲಿ, ಪೆಟ್ರೋಲ್ ಹೋಸ್ ಬಂದು ಸೇರುವ ಕಡೆ.

ಹೋಸ್ ಪೂರ್ತಿ ಬೂದಿ. ಪಂಪಿನ ಕಡೆಯ ತುದಿಯಲ್ಲಿ ಹೋಸ್ ಜಾರದಂತೆ ಹಿಡಿಯುವ ಸ್ಟೀಲ್ ಕ್ಲಿಪ್ ಬಿಗಿಯಾಗಿ ಕೂತಿತ್ತು, ಅದರೊಳಗೆ ಉಗುರಿನಷ್ಟು ರಬ್ಬರ್ ಉಳಿದಿತ್ತು. ಕಾರ್ಬುರೇಟರ್ ಕಡೆ ಹೋಸ್ ತೊಡಿಸುವ ಮೂತಿ ಖಾಲಿ. ರಬ್ಬರ್ ಸುಟ್ಟು ಹೋಗಲಿ, ಸ್ಟೀಲ್ ಕ್ಲಿಪ್ ಎಲ್ಲಿಗೆ ಹೋಗುತ್ತದೆ? ಹುಡುಗನೂ ನಾನೂ ಕೆಳಗೆ ಮಲಗಿ ಹುಡುಕಿದೆವು. ಎಂಜಿನ್ ಕೆಳಗಿನ ತಗಡು, ಗೇರ್‌ಬಾಕ್ಸ್ ಸಂದಿ, ಕ್ರಾಸ್ ಮೆಂಬರ್ ಒಳಗೆ. ಆಯಸ್ಕಾಂತ ಕಟ್ಟಿದ ಕಡ್ಡಿಯನ್ನೂ ಆಡಿಸಿದೆವು. ಒಂದು ನಟ್ಟು, ಒಂದು ವಾಷರ್ ಸಿಕ್ಕವು. ಕ್ಲಿಪ್ ಸಿಗಲಿಲ್ಲ.

"ಅಣ್ಣಾ, ದಾರೀಲಿ ಬಿದ್ದಿರ್ಬೋದು" ಅಂದ ಹುಡುಗ. ಬಿದ್ದಿರಬಹುದು. ಆದರೂ ಮನಸ್ಸು ತಡೆಯದೆ ಕೆಲಸದ ಪುಸ್ತಕ ತೆಗೆದೆ. ಏಳು ತಿಂಗಳ ಹಿಂದೆ ಇದೇ ಕಾರಿನ ಕಾರ್ಬುರೇಟರ್ ಕ್ಲೀನ್ ಆಗಿತ್ತು. ಹೊಸ ಪೆಟ್ರೋಲ್ ಹೋಸ್ 1, ಕ್ಲಿಪ್ 1. ಬರಹ ನನ್ನದೇ.

ಒಂದು ಹೋಸ್‌ಗೆ ಎರಡು ತುದಿ. ಹಳೇ ಕ್ಲಿಪ್ ಒಂದನ್ನು ಮತ್ತೆ ಹಾಕೋಣ ಅಂತ ಪಕ್ಕಕ್ಕಿಟ್ಟು, ಮಧ್ಯೆ ಯಾರೋ ಕರೆದಾಗ ಎದ್ದು ಹೋಗಿರಬೇಕು. ನೆನಪಿಲ್ಲ, ನಿಜ ಹೇಳಬೇಕೆಂದರೆ. ಹೊಸ ರಬ್ಬರ್ ಮೂತಿಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ಅಂಥ ಪಂಪಿನ ಒತ್ತಡವೂ 3–4 ಪಿಎಸ್‌ಐ ಅಷ್ಟೆ. ಅದಕ್ಕೇ ಅವತ್ತು ಸ್ಟಾರ್ಟ್ ಮಾಡಿ ನೋಡಿದಾಗ ಒಂದು ಹನಿಯೂ ಸೋರಲಿಲ್ಲ. ಬಿಸಿಗೆ ಬೆಂದು ರಬ್ಬರ್ ಗಟ್ಟಿಯಾದ ಮೇಲೆ ಹಿಡಿತ ಬಿಟ್ಟಿತು.

ಯಜಮಾನರಿಗೆ ಫೋನಿನಲ್ಲಿ ಹೇಳಲು ಮನಸ್ಸು ಬರಲಿಲ್ಲ, ಕರೆಸಿದೆ. ಖಾಲಿ ಮೂತಿ ತೋರಿಸಿ, ಪುಸ್ತಕ ತೋರಿಸಿದೆ. "ಹೋಸ್ ಹಾಕಿದ್ದು ಯಾರು?" ಅಂತ ಕೇಳಿದರು. ನಾನೇ ಸರ್, ಅಂದೆ. ಬಹಳ ಹೊತ್ತು ಎಂಜಿನ್ ಕಡೆಯೇ ನೋಡುತ್ತ ನಿಂತರು. ರಿಪೇರಿ ಖರ್ಚೆಲ್ಲ ನನ್ನದೇ ಅಂದೆ. ಸುಮ್ನೆ ತಲೆ ಆಡಿಸಿ, ಏನೇನು ಹೋಗಿದೆ ಬರೆದುಕೊಡು ಅಂದರು.

ಬರೆಯುತ್ತ ಕೂತಾಗ ಪಟ್ಟಿ ಬೆಳೆಯುತ್ತಲೇ ಹೋಯಿತು. ಸುಟ್ಟದ್ದು ಕಣ್ಣಿಗೆ ಕಾಣುತ್ತದೆ, ಬೆಂದದ್ದು ಕಾಣೋದಿಲ್ಲ. ಬ್ರೇಕ್ ಆಯಿಲ್ ಡಬ್ಬಿ ಬಾಗಿತ್ತು. ಅಂದ ಮೇಲೆ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್‌ಗಳನ್ನು ನಂಬುವ ಹಾಗಿಲ್ಲ. ಡ್ಯಾಶ್‌ಬೋರ್ಡ್ ಕಡೆಗೆ ಹೋಗುವ ವೈರಿಂಗ್ ಕಟ್ಟಿನ ಟೇಪ್ ಹೊರಗಿನಿಂದ ಚೆನ್ನಾಗೇ ಇತ್ತು. ಸೀಳಿ ನೋಡಿದರೆ ನಾಲ್ಕು ವೈರುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎಂಜಿನ್ ಮೌಂಟ್, ಟೈಮಿಂಗ್ ಬೆಲ್ಟ್, ನೀರಿನ ಹೋಸ್‌ಗಳು, ಸ್ಟೀರಿಂಗ್ ಬೂಟ್. ವೈರಿಂಗಿಗೆ ತೇಪೆ ಹಾಕಿ ಗಾಡಿ ಸ್ಟಾರ್ಟ್ ಮಾಡಿಕೊಡೋದು ಎರಡು ದಿನದ ಕೆಲಸ. ಅಂಥ ಗಾಡಿಯನ್ನು ಅವರ ಕೈಗೆ ಕೊಡಲು ನನಗೆ ಧೈರ್ಯ ಇರಲಿಲ್ಲ.

ಅವರು ಪಟ್ಟಿಯನ್ನು ಎರಡು ಸಲ ಓದಿ, ಗಾಡಿ ಬೇಡ ಅಂದರು. ಸುಡುವ ಮೊದಲು ಅದಕ್ಕೆ ಎಷ್ಟು ಬೆಲೆ ಬರುತ್ತಿತ್ತೋ ಅಷ್ಟನ್ನು ಮೂರು ಕಂತಿನಲ್ಲಿ ಕೊಟ್ಟೆ. ಈಗಿನ ಗಾಡಿಯನ್ನು ಅವರು ಬೇರೆ ಗ್ಯಾರೇಜಿಗೆ ಬಿಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ.

ಹುಡುಗ ಈಗ ಹೋಸ್ ಕೊಡುವಾಗಲೇ ಎರಡು ಕ್ಲಿಪ್ ಅದಕ್ಕೆ ಪೋಣಿಸಿ ಕೊಡುತ್ತಾನೆ. ನಾನು ಹೇಳಿಕೊಟ್ಟದ್ದಲ್ಲ.