ಹಳೆಯ ಸಿನಿಮಾದ ಡಿಸ್ಕ್: ಕೊಳ್ಳುವ ಮೊದಲು, ಕೊಂಡ ಮೇಲೆ

ಒಂದೇ ಹಳೆಯ ಸಿನಿಮಾ ಮೂರು ನಾಲ್ಕು ಕಂಪನಿಗಳಿಂದ ಡಿಸ್ಕ್ ಆಗಿ ಬಂದಿರುವುದುಂಟು. ಡಬ್ಬಿಯ ಅಂದ, ‘4ಕೆ’ (ಅಡ್ಡಕ್ಕೆ ಸುಮಾರು ನಾಲ್ಕು ಸಾವಿರ ಚುಕ್ಕೆಗಳ ಸ್ಪಷ್ಟತೆ) ಎಂಬ ಮುದ್ರೆ ಎಲ್ಲ ಆಮೇಲೆ. ಮೊದಲು ಕೇಳಬೇಕಾದದ್ದು, ಸ್ಕ್ಯಾನ್ ಮಾಡಿದ್ದು ಯಾವುದನ್ನು? ಕ್ಯಾಮೆರಾದಲ್ಲೇ ಓಡಿದ ಮೂಲ ನೆಗೆಟಿವ್ ಸಿಕ್ಕಿದ್ದರೆ ಅದಕ್ಕಿಂತ ಮೇಲಿನದಿಲ್ಲ. ಅದರಿಂದ ನೇರವಾಗಿ ತೆಗೆದ ಮೊದಲ ನಕಲಾದ ಇಂಟರ್‌ಪಾಸಿಟಿವ್ ಒಂದು ಮೆಟ್ಟಿಲು ಕೆಳಗೆ, ಥಿಯೇಟರಿನಲ್ಲಿ ಓಡಿ ಸವೆದ ಪ್ರಿಂಟ್ ಇನ್ನೂ ಕೆಳಗೆ. ನಕಲು ತೆಗೆದಷ್ಟೂ ವಿವರ ಕರಗುತ್ತದೆ, ಕಾಂಟ್ರಾಸ್ಟ್ ಏರುತ್ತದೆ, ನೆರಳೆಲ್ಲ ಕಪ್ಪು ಮುದ್ದೆಯಾಗುತ್ತದೆ. ಸವೆದ ಪ್ರಿಂಟನ್ನು 4ಕೆಯಲ್ಲಿ ಸ್ಕ್ಯಾನ್ ಮಾಡಿದರೆ ಗೀರುಗಳು ಚೆನ್ನಾಗಿ ಕಾಣುತ್ತವೆ, ಅಷ್ಟೆ. ಆದರೆ 1950ರ ದಶಕದ ಆರಂಭದವರೆಗೂ 35 ಎಂಎಂ ಸಿನಿಮಾಗಳಿಗೆ ಹೆಚ್ಚಾಗಿ ಬಳಸುತ್ತಿದ್ದದ್ದು ಬೇಗ ಹೊತ್ತಿಕೊಳ್ಳುವ, ಬೇಗ ಹಾಳಾಗುವ ನೈಟ್ರೇಟ್ ಫಿಲ್ಮು. ನೆಗೆಟಿವ್ ಉಳಿಯದ ಎಷ್ಟೋ ಚಿತ್ರಗಳಿಗೆ ಪ್ರಿಂಟೇ ಗತಿ. ಅಂಥ ಡಿಸ್ಕನ್ನು ಗೀರು ಎಣಿಸಿ ತಿರಸ್ಕರಿಸುವುದು ನ್ಯಾಯವಲ್ಲ.

ಟ್ರಾನ್ಸ್‌ಫರ್ (ಫಿಲ್ಮಿನಿಂದ ಡಿಸ್ಕಿಗೆ ಇಳಿಸಿದ ಕೆಲಸ) ಹೇಗಿದೆ ಎಂದು ನೋಡಲು ಒಂದು ಕ್ಲೋಸ್‌ಅಪ್ ಸಾಕು. ಕೆನ್ನೆಯ ಮೇಲೆ ಸಣ್ಣ ಕಾಳುಗಳು ಸದಾ ಮಿಸುಕಾಡುತ್ತಿರಬೇಕು. ಅದು ಗ್ರೇನ್, ಫಿಲ್ಮಿನ ಮೈ. ಚಿತ್ರದ ವಿವರವೆಲ್ಲ ಇರುವುದು ಅದರಲ್ಲೇ. ಡಿಜಿಟಲ್ ನಾಯ್ಸ್ ರಿಡಕ್ಷನ್‌ನಿಂದ ಅದನ್ನು ಒರೆಸಿದರೆ ಚರ್ಮದ ರಂಧ್ರ, ಉಣ್ಣೆ ಕೋಟಿನ ನೇಯ್ಗೆ ಎಲ್ಲ ಜೊತೆಗೇ ಹೋಗಿ ಮುಖ ಮೇಣದ ಬೊಂಬೆಯಂತಾಗುತ್ತದೆ. ಇನ್ನು ಬಿಳಿ ಆಕಾಶಕ್ಕೆ ಎದುರಾಗಿರುವ ಕಪ್ಪು ಟೋಪಿಯ ಅಂಚು ನೋಡಿ. ಸುತ್ತ ತೆಳುವಾದ ಬಿಳಿ ಗೆರೆ ಇದ್ದರೆ ಶಾರ್ಪ್‌ನೆಸ್ ಕೃತಕವಾಗಿ ಏರಿಸಿದ್ದಾರೆ ಎಂದರ್ಥ. ಇವೆರಡೂ ಇರುವ ಬ್ಲೂ-ರೇಗಿಂತ ನನಗೆ ಮುಟ್ಟದೆ ಬಿಟ್ಟ ಡಿವಿಡಿಯೇ ವಾಸಿ.

ಡಬ್ಬಿಯ ಹಿಂಬದಿಯ ಅವಧಿಯನ್ನೂ ಓದಿ. ಸೆಕೆಂಡಿಗೆ 24 ಫ್ರೇಮಿನ ಸಿನಿಮಾವನ್ನು ಪಾಲ್ (ಭಾರತ, ಯುರೋಪಿನಂಥ ಕಡೆಯ ಹಳೆಯ ಟಿವಿ ಪದ್ಧತಿ) ಡಿವಿಡಿಗಳಲ್ಲಿ 25ಕ್ಕೆ ಓಡಿಸುತ್ತಾರೆ. 100 ನಿಮಿಷದ ಚಿತ್ರ 96ಕ್ಕೆ ಮುಗಿಯುತ್ತದೆ, ಸರಿಪಡಿಸದಿದ್ದರೆ ಸ್ವರವೂ ತುಸು ಏರಿರುತ್ತದೆ. ಹಾಗಾಗಿ ನಾಲ್ಕು ನಿಮಿಷ ಕಮ್ಮಿ ಎಂದರೆ ಕತ್ತರಿ ಬಿದ್ದಿದೆ ಎಂದೇ ಅಲ್ಲ. ಬ್ಲೂ-ರೇ 24ರಲ್ಲೇ ಇದ್ದೂ ಅವಧಿ ಕಮ್ಮಿಯಿದ್ದರೆ ಅನುಮಾನಿಸಿ. ಚೌಕಟ್ಟಿನ ಅನುಪಾತವೂ (ಅಗಲ ಎತ್ತರದ ಎಷ್ಟು ಪಟ್ಟು ಎಂಬುದು) ಅಲ್ಲೇ ಇರುತ್ತದೆ. ಅಗಲ ಪರದೆಯ ಸಿನೆಮಾಸ್ಕೋಪ್ ಬಂದದ್ದು 1953ರಲ್ಲಿ. ಅದಕ್ಕೆ ಮುಂಚಿನ ಟಾಕಿ ಚಿತ್ರ ಅಗಲ ಪರದೆ ತುಂಬುತ್ತಿದ್ದರೆ ಹೆಚ್ಚಾಗಿ ತಲೆಯನ್ನೋ ಕಾಲನ್ನೋ ಕತ್ತರಿಸಿರುತ್ತಾರೆ. ಆ ಕಾಲದ 1.37 ಅನುಪಾತದ ಚಿತ್ರಕ್ಕೆ ಇಂದಿನ ಅಗಲ ಟಿವಿಯಲ್ಲಿ ಎರಡೂ ಬದಿ ಕಪ್ಪು ಪಟ್ಟಿ ಇರಲೇಬೇಕು.

ರೀಜನ್ ಮರೆಯಬೇಡಿ, ಅದು ಒಂದು ಪ್ರದೇಶದ ಡಿಸ್ಕ್ ಬೇರೆ ಪ್ರದೇಶದ ಪ್ಲೇಯರಿನಲ್ಲಿ ಓಡದಂತೆ ಹಾಕಿದ ಬೇಲಿ. ಡಿವಿಡಿಗೆ 1ರಿಂದ 6, ಬ್ಲೂ-ರೇಗೆ ಎ, ಬಿ, ಸಿ. 4ಕೆ ಡಿಸ್ಕಿಗೆ ಈ ಬೇಲಿ ಇಲ್ಲ, ಆದರೆ ಅದೇ ಡಬ್ಬಿಯಲ್ಲಿ ಬರುವ ಮಾಮೂಲಿ ಬ್ಲೂ-ರೇಗೆ ಇರಬಹುದು.

ಇಷ್ಟು ನೋಡಿ ತಂದ ಡಿಸ್ಕನ್ನು ಟಿವಿಯೇ ಕೆಡಿಸುವುದೂ ಉಂಟು. ಮೋಷನ್ ಸ್ಮೂದಿಂಗ್ (ನಡುವೆ ಕೃತಕ ಫ್ರೇಮು ಸೇರಿಸುವುದು), ನಾಯ್ಸ್ ರಿಡಕ್ಷನ್, ಓವರ್‌ಸ್ಕ್ಯಾನ್ (ಚಿತ್ರದ ಅಂಚು ಕತ್ತರಿಸುವುದು) ಮೂರನ್ನೂ ಆಫ್ ಮಾಡಿ. ಶಾರ್ಪ್‌ನೆಸ್ ಕೃತಕ ಅಂಚುಗೆರೆ ಹೋಗುವಷ್ಟು ಇಳಿಸಿ, ಬಣ್ಣದ ತಾಪ ವಾರ್ಮ್‌ನಲ್ಲಿಡಿ, ಪ್ಲೇಯರ್‌ನಲ್ಲಿ 24ಪಿ (ಸೆಕೆಂಡಿಗೆ 24 ಫ್ರೇಮ್) ಔಟ್‌ಪುಟ್ ಆನ್ ಮಾಡಿ. ಕಪ್ಪು-ಬಿಳುಪು ಚಿತ್ರಕ್ಕೆ ನೀಲಿ ಛಾಯೆ ಬರುವುದು ಸಾಮಾನ್ಯವಾಗಿ ಕೂಲ್ ಸೆಟ್ಟಿಂಗ್‌ನಿಂದ. ಮೊನೊ (ಒಂದೇ ಚಾನೆಲಿನ) ಧ್ವನಿ 2.0 (ಎರಡು ಚಾನೆಲಿನ) ಟ್ರ್ಯಾಕ್ ಆಗಿ ಬಂದು ಎಡ-ಬಲ ಸ್ಪೀಕರುಗಳಿಂದ ಹೊರಟರೆ, ಸೋಫಾದ ಅಂಚಿನಲ್ಲಿ ಕೂತವರಿಗೆ ಮಾತು ಒಂದೇ ಕಡೆಯಿಂದ ಕೇಳುತ್ತದೆ. ರಿಸೀವರ್‌ನಲ್ಲಿ ಡಾಲ್ಬಿ ಪ್ರೊ ಲಾಜಿಕ್ ಅಥವಾ ಡಾಲ್ಬಿ ಸರೌಂಡ್ ಮೋಡ್ ಆರಿಸಿದರೆ ಅದು ನಡುವಿನ ಸ್ಪೀಕರಿಗೆ ಹೋಗುತ್ತದೆ. ‘ಹಾಲ್’, ‘ಸ್ಟೇಡಿಯಂ’ ಮೋಡ್‌ಗಳ ಗೋಜಿಗೆ ಹೋಗಬೇಡಿ.

ಸಿನಿಮಾ ಸರಿಸುಮಾರು ಅರ್ಧಕ್ಕೆ ಬಂದಾಗ ಡಿಸ್ಕ್ ತಡವರಿಸಿತೇ? ಎರಡು ಪದರದ ಡಿಸ್ಕಿನಲ್ಲಿ ಲೇಸರ್ ಮೊದಲ ಪದರವನ್ನು ಒಳಗಿನಿಂದ ಹೊರಕ್ಕೆ ಓದಿ, ಎರಡನೆಯದನ್ನು ಹೊರಗಿನಿಂದ ಒಳಕ್ಕೆ ಓದುತ್ತ ಬರುತ್ತದೆ. ಅಂದರೆ ಚಿತ್ರದ ನಡುಭಾಗ ಇರುವುದು ಹೊರ ಅಂಚಿನಲ್ಲಿ, ನಾವು ಬೆರಳಿಟ್ಟು ಹಿಡಿಯುವ ಜಾಗದ ಪಕ್ಕದಲ್ಲೇ. ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತು ತಿರುಗಿಸಿ ಒರೆಸಿದರೆ ಗೀರು ಟ್ರ್ಯಾಕಿನ ಉದ್ದಕ್ಕೇ ಬಿದ್ದು ಓದಲಾಗದ ಡೇಟಾ ಸರಿಪಡಿಸುವ ಎರರ್ ಕರೆಕ್ಷನ್ ಕೈಚೆಲ್ಲುತ್ತದೆ. ಡಿವಿಡಿಯ ಗೀರನ್ನು ಪಾಲಿಶ್ ಮಾಡಬಹುದು, ಏಕೆಂದರೆ ಡೇಟಾ 0.6 ಎಂಎಂ ಪ್ಲಾಸ್ಟಿಕ್ಕಿನ ಅಡಿಯಲ್ಲಿದೆ. ಬ್ಲೂ-ರೇಯಲ್ಲಿ ಇರುವುದು 0.1 ಎಂಎಂ ಮಾತ್ರ, ಅದರ ಮೇಲೊಂದು ಗಟ್ಟಿ ಲೇಪನ. ಉಜ್ಜಿದರೆ ಆ ಲೇಪನವೇ ಹೋಗುತ್ತದೆ. ಡಬ್ಬಿಯಿಂದ ತೆಗೆಯುವಾಗ ನಡುವಿನ ಗುಬುಟು ಒತ್ತಿ ಬಿಡಿಸಿ. ಅಂಚು ಹಿಡಿದು ಬಗ್ಗಿಸಿ ಕಿತ್ತರೆ ನಡುವಿನ ತೂತಿನ ಸುತ್ತ ಕೂದಲೆಳೆ ಬಿರುಕು ಬರುತ್ತದೆ, ಅದಕ್ಕೆ ಯಾವ ಪಾಲಿಶೂ ಇಲ್ಲ.