ಜಿಂಬಾಬ್ವೆಯಲ್ಲಿ ಹೊಗಳೋಕೆ ಏನಿದೆ ಅಂತ ಕೇಳುವವರಿಗೆ

ನನ್ನ ಮೇಜಿನ ಗಾಜಿನ ಕೆಳಗೆ ಜಿಂಬಾಬ್ವೆಯ ಒಂದು ನೋಟು ಇದೆ. ಒಂದರ ಮುಂದೆ ಹದಿನಾಲ್ಕು ಸೊನ್ನೆ. ನೂರು ಟ್ರಿಲಿಯನ್ ಡಾಲರ್, ನಮ್ಮ ಲೆಕ್ಕದಲ್ಲಿ ಕೋಟಿ ಕೋಟಿ. 2009ರ ಜನವರಿಯಲ್ಲಿ ಬಂದ ನೋಟು. ಕೆಲವೇ ತಿಂಗಳಲ್ಲಿ ಆ ದುಡ್ಡಿನ ಚಲಾವಣೆಯೇ ನಿಂತುಹೋಯಿತು. ಮನೆಗೆ ಬಂದವರು ನೋಡಿ ನಗುತ್ತಾರೆ. ನಾನು ಆ ದೇಶದ ಜನರ ಸುದ್ದಿ ತೆಗೆದರೆ ಎಲ್ಲರದ್ದೂ ಒಂದೇ ಪ್ರಶ್ನೆ: "ದುಡ್ಡಿಗೇ ಬೆಲೆ ಇಲ್ಲದ ಕಡೆ ಹೊಗಳೋಕೆ ಏನಿದೆ?"

ಅಜ್ಜಿಯರಿದ್ದಾರೆ.

ಡಿಕ್ಸನ್ ಚಿಬಾಂಡ ಅಂತ ಅಲ್ಲಿಯ ಮನೋವೈದ್ಯರು. ಕೋಟಿಗೂ ಮೀರಿದ ಜನರಿಗೆ ಅಂಥ ವೈದ್ಯರು ಬೆರಳೆಣಿಕೆಯಷ್ಟೇ ಇದ್ದ ಕಾಲ. ಅವರ ಬಳಿ ಚಿಕಿತ್ಸೆಯಲ್ಲಿದ್ದ ಒಬ್ಬ ಹುಡುಗಿ ಆತ್ಮಹತ್ಯೆ ಮಾಡಿಕೊಂಡಳು. ಯಾಕೆ ಆಸ್ಪತ್ರೆಗೆ ಕರೆತರಲಿಲ್ಲ ಅಂತ ಕೇಳಿದರೆ, ಬಸ್ ಚಾರ್ಜಿಗೆ ಬೇಕಿದ್ದ 15 ಅಮೆರಿಕನ್ ಡಾಲರ್‌ನಷ್ಟು ದುಡ್ಡು ಇರಲಿಲ್ಲ ಅಂದರು ಮನೆಯವರು. ಅದೇ ಹೊತ್ತಿಗೆ, 2005ರಲ್ಲಿ, ಸರ್ಕಾರ ಕೊಳೆ ತೆಗೀತೀವಿ ಅಂತ ಹೇಳಿ ಊರೂರಲ್ಲಿ ಬಡವರ ಮನೆ, ಅಂಗಡಿಗಳನ್ನು ಕೆಡವಿತ್ತು. ವಿಶ್ವಸಂಸ್ಥೆಯ ಅಂದಾಜಿನಂತೆ ಸುಮಾರು 7 ಲಕ್ಷ ಜನ ಮನೆಯನ್ನೋ ಹೊಟ್ಟೆಪಾಡನ್ನೋ ಕಳೆದುಕೊಂಡರು. ರಾಜಧಾನಿ ಹರಾರೆಯ ಎಂಬಾರೆ ಬಡಾವಣೆಗೆ ಜೋರು ಪೆಟ್ಟು ಬಿತ್ತು.

ಎಂಬಾರೆಯಲ್ಲಿ ಏನಾದರೂ ಮಾಡಬೇಕು ಅಂತ ಚಿಬಾಂಡ ಹೊರಟರು. ನರ್ಸ್ ಕೊಡೋಕಾಗಲ್ಲ, ಕ್ಲಿನಿಕ್ಕಿನಲ್ಲಿ ಕೋಣೆಯೂ ಇಲ್ಲ ಅಂದರು ಮೇಲಿನವರು. ಸಿಕ್ಕಿದ್ದು 14 ಅಜ್ಜಿಯರು ಮತ್ತು ಹೊರಗಿನ ಅಂಗಳ. ಇವರಿಂದ ಏನಾಗುತ್ತೆ ಅಂತ ಅವರಿಗೇ ಮೊದಲು ಅನುಮಾನವಿತ್ತಂತೆ. ಅಂಗಳದಲ್ಲಿ ಮರದ ಬೆಂಚು ಹಾಕಿ 'ಮಾನಸಿಕ ಆರೋಗ್ಯದ ಬೆಂಚು' ಅಂತ ಹೆಸರಿಟ್ಟರು. ಯಾರೂ ಬರಲಿಲ್ಲ. ಯಾರು ಬರ್ತಾರೆ ಹೇಳಿ, ನಮ್ಮೂರಲ್ಲಾದರೂ ಬರ್ತಾರಾ? 'ಸ್ನೇಹದ ಬೆಂಚು' ಅಂತ ಬದಲಿಸಿ ಅಂದವರು ಅಜ್ಜಿಯರೇ.

ಅಲ್ಲಿ ಕೂತು ಅಜ್ಜಿ ಮೊದಲು 14 ಪ್ರಶ್ನೆ ಕೇಳುತ್ತಾರೆ. (ಸೊನ್ನೆಯೂ ಹದಿನಾಲ್ಕು, ಅಜ್ಜಿಯರೂ ಹದಿನಾಲ್ಕು, ಪ್ರಶ್ನೆಯೂ ಹದಿನಾಲ್ಕು. ಸುಮ್ನೆ ಹೇಳಿದೆ.) ಕಳೆದ ವಾರ ನಿದ್ದೆ ಬಂತಾ, ಅಳು ಬಂತಾ, ಸಾಯಬೇಕು ಅನ್ನಿಸಿತಾ? ಖಿನ್ನತೆ ಅನ್ನುವ ಮಾತೇ ಇಲ್ಲ. ಶೋನಾ ಭಾಷೆಯಲ್ಲಿ 'ಕುಫುಂಗಿಸಿಸ' ಅನ್ನುತ್ತಾರೆ, ಜಾಸ್ತಿ ಯೋಚಿಸೋದು ಅಂತ. ನಮ್ಮಜ್ಜಿ "ಪಾಪ, ಯೋಚನೆ ಹಚ್ಚಿಕೊಂಡಿದ್ದಾಳೆ" ಅಂತಿದ್ದರಲ್ಲ, ಅದೇ. ಆಮೇಲೆ ಮನಸ್ಸು ಬಿಚ್ಚಿಸುವ ಕೆಲಸ. ಗಂಡ, ಬಾಡಿಗೆ, ಎಚ್‌ಐವಿ, ಎಲ್ಲ ಒಟ್ಟಿಗೇ ಹೊರಗೆ ಬೀಳುತ್ತೆ. ಅದರಲ್ಲಿ ಒಂದನ್ನು ಆರಿಸು, ಈ ವಾರ ಅದಕ್ಕೇನು ಮಾಡಬಹುದು ನೋಡೋಣ ಅನ್ನುತ್ತಾರೆ. ಉತ್ತರ ಅಜ್ಜಿ ಕೊಡಲ್ಲ, ಬಂದವಳ ಬಾಯಿಂದಲೇ ಬರಬೇಕು. ಬುದ್ಧಿ ಹೇಳದೆ ಕೂರೋದು ಯಾವ ಅಜ್ಜಿಗೆ ಸುಲಭ? ನನಗೆ ಅತಿ ದೊಡ್ಡ ಸಾಧನೆ ಅನ್ನಿಸೋದೇ ಇದು.

ಬಾಯಿಮಾತಿನ ಹೊಗಳಿಕೆ ಅಲ್ಲ ಇದು. ಹರಾರೆಯ 24 ಕ್ಲಿನಿಕ್‌ಗಳಲ್ಲಿ 573 ಜನರ ಮೇಲೆ ಪರೀಕ್ಷೆ ಮಾಡಿ, 2016ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ತಿಂಗಳಾದ ಮೇಲೆ, ಮಾಮೂಲಿ ಆರೈಕೆ ಪಡೆದವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಖಿನ್ನತೆಯ ಲಕ್ಷಣ ಇನ್ನೂ ಇತ್ತು. ಬೆಂಚಿನ ಮೇಲೆ ಕೂತವರಲ್ಲಿ ಶೇ. 14ರಷ್ಟು ಮಾತ್ರ.

ಇಷ್ಟು ಹೇಳಿದಾಗ ಕೆಲವರು "ನೋಡಿ, ಬಡತನದಲ್ಲೂ ಎಷ್ಟು ಸಂತೋಷವಾಗಿದ್ದಾರೆ" ಅಂತ ಶುರು ಮಾಡುತ್ತಾರೆ. ಅಲ್ಲಿ ನನಗೆ ಸಿಟ್ಟು ಬರುತ್ತೆ. ಸಂತೋಷವಾಗಿದ್ದರೆ ಬೆಂಚು ಯಾಕೆ ಬೇಕಿತ್ತು? ಮನೆ ಕೆಡವದೇ ಇದ್ದಿದ್ದರೆ, ಬಸ್ ಚಾರ್ಜಿಗೆ ದುಡ್ಡಿದ್ದಿದ್ದರೆ ಅರ್ಧ ಕಷ್ಟ ತಪ್ಪುತ್ತಿತ್ತು ಅಲ್ವಾ?

ಬೆಂಚಿನಿಂದ ಎದ್ದವರು ಅಲ್ಲಿಗೇ ಮನೆಗೆ ಹೋಗಿ ಸುಮ್ಮನಾಗಲ್ಲ. ತಮ್ಮಂಥವರ ಗುಂಪಿಗೆ ಸೇರುತ್ತಾರೆ. ಸುತ್ತ ಕೂತು, ಬಿಸಾಡಿದ ಪ್ಲಾಸ್ಟಿಕ್ಕಿನಿಂದ ಕ್ರೋಶಾದಲ್ಲಿ ಚೀಲ ಹೆಣೆಯುತ್ತಾ ಮಾತಾಡುತ್ತಾರೆ. ಚೀಲ ಮಾರಿದರೆ ನಾಲ್ಕು ಕಾಸೂ ಬರುತ್ತೆ.

2022ರಲ್ಲಿ ಕತಾರಿನಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದಾಗ ವಿಶ್ವ ಆರೋಗ್ಯ ಸಂಸ್ಥೆ ದೋಹಾದಲ್ಲಿ ಇಂಥ 32 ಬೆಂಚು ಹಾಕಿಸಿತು, ತಂಡಕ್ಕೆ ಒಂದರಂತೆ. ಜಿಂಬಾಬ್ವೆಯ ತಂಡ ಮಾತ್ರ ಆ 32ರಲ್ಲಿ ಇರಲಿಲ್ಲ.