ದೇವರು ಬೇಡ ಅಂದಾಗಲೂ ನಡೆಸುತ್ತಿರುತ್ತಾನೆ

ದೇವರ ಚಿತ್ತ ತಿಳಿಯೋದು ಹೇಗೆ ಅಂತ ಯೌವನಸ್ಥರ ಕೂಟದಲ್ಲಿ ಯಾರಾದರೂ ಕೇಳಿದಾಗಲೆಲ್ಲ ನಾನು ಬೈಬಲಿನ ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳು ಪುಸ್ತಕದ 16ನೇ ಅಧ್ಯಾಯ ತೆಗೆಯುತ್ತೇನೆ.

ಪೌಲ, ಸೀಲ, ತಿಮೊಥೆಯ ಹೊರಟಿದ್ದು ಯೇಸುವಿನ ಸುವಾರ್ತೆ ಸಾರೋದಕ್ಕೆ. ಆದರೂ ಆಸ್ಯ ಸೀಮೆಯಲ್ಲಿ (ಇಡೀ ಏಷ್ಯಾ ಖಂಡವಲ್ಲ, ಈಗಿನ ಟರ್ಕಿಯ ಪಶ್ಚಿಮದಲ್ಲಿದ್ದ ರೋಮನ್ ಪ್ರಾಂತ್ಯ) ವಾಕ್ಯ ಹೇಳದಂತೆ ಪವಿತ್ರಾತ್ಮನೇ ತಡೆದನು. ಸರಿ, ಉತ್ತರದ ಬಿಥೂನ್ಯ ಸೀಮೆಗಾದರೂ ಹೋಗೋಣ ಅಂದರೆ ಅದಕ್ಕೂ ಬಿಡಲಿಲ್ಲ. ಯಾಕೆ ಅಂತ ಅಲ್ಲಿ ಬರೆದೇ ಇಲ್ಲ! ಹಾಗಂತ ಅವರು ಮುನಿಸಿಕೊಂಡು ಊರಿಗೆ ವಾಪಸ್ ಹೋಗಲಿಲ್ಲ, ಉಳಿದ ದಾರಿ ಹಿಡಿದು ಸಮುದ್ರದ ದಡದ ತ್ರೋವಕ್ಕೆ ಬಂದರು, ಅಲ್ಲಿ ರಾತ್ರಿ ಪೌಲನಿಗೆ ದರ್ಶನವಾಯಿತು, ಸಮುದ್ರದಾಚೆಯ ಮಕೆದೋನ್ಯದವನೊಬ್ಬ ನಿಂತುಕೊಂಡು, "ಬಂದು ನಮಗೆ ಸಹಾಯ ಮಾಡು" ಅಂತ ಬೇಡಿಕೊಳ್ಳುತ್ತಿದ್ದ.

ನಾವು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿಬಿಡುತ್ತೇವೆ. 10ನೇ ವಚನ ನಿಧಾನವಾಗಿ ಓದಿ ನೋಡಿ. ದರ್ಶನ ಕಂಡವನು ಪೌಲ ಒಬ್ಬನೇ, ಆದರೆ ದೇವರು ಕರೆದಿದ್ದಾನೆ ಅಂತ ನಿಶ್ಚಯಿಸಿಕೊಂಡವರು 'ನಾವು'. ಈ ಪುಸ್ತಕ ಬರೆದ ಲೂಕನೂ ಅಲ್ಲಿಂದಲೇ ಜೊತೆ ಸೇರುತ್ತಾನೆ. ಮದುವೆ, ಕೆಲಸ, ಸಾಲ ಮಾಡಿ ಸೈಟ್ ತಗೊಳ್ಳೋ ವಿಷಯದಲ್ಲಿ "ಕರ್ತನು ನನಗೆ ಹೇಳಿದ್ದಾನೆ, ಯಾರೂ ಏನೂ ಕೇಳಬೇಡಿ" ಅನ್ನೋ ಮಾತು ಕೇಳಿದರೆ ನನಗೆ ಭಯವಾಗುತ್ತದೆ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಹೊಸ ವರ್ಷಕ್ಕೆಂದು ಸಿಕ್ಕ ವಾಗ್ದಾನದ ಕಾರ್ಡ್ (ಬೈಬಲಿನ ಒಂದು ವಚನ ಬರೆದಿರುವ ಕಾರ್ಡ್) ನನ್ನ ಬೈಬಲಿನೊಳಗೂ ಇದೆ, ಅದು ನನಗೆ ಧೈರ್ಯ ಕೊಡುತ್ತದೆ. ಆದರೆ ದೊಡ್ಡ ತೀರ್ಮಾನಕ್ಕೆ ಅದೊಂದೇ ಸಾಲದು. ವಾಕ್ಯ ಪೂರ್ತಿ ಓದಬೇಕು, ಪ್ರಾರ್ಥಿಸಬೇಕು, ನಮ್ಮನ್ನು ಚೆನ್ನಾಗಿ ಬಲ್ಲ ಸಭೆಯ ಹಿರಿಯರ ಹತ್ತಿರ ಕೂತು ಮಾತಾಡಬೇಕು.

ತ್ರೋವದಿಂದ ಹಡಗು ನೆಟ್ಟಗೆ ಸಮೊಥ್ರಾಕೆಗೆ, ಮಾರನೇ ದಿನ ನೆಯಾಪೊಲಿಗೆ, ಅಲ್ಲಿಂದ ಮಕೆದೋನ್ಯದ ಪಟ್ಟಣ ಫಿಲಿಪ್ಪಿಗೆ. ದರ್ಶನದಲ್ಲಿ ಕರೆದವನು ಗಂಡಸು, ಫಿಲಿಪ್ಪಿಯಲ್ಲಿ ಮೊದಲು ಸಿಕ್ಕಿದ್ದು ನದಿ ಹತ್ತಿರ ಪ್ರಾರ್ಥನೆಗೆ ಸೇರಿದ್ದ ಹೆಂಗಸರು. ಅವರಲ್ಲಿ ನೇರಳೆ ಬಣ್ಣದ ಬಟ್ಟೆ ಮಾರುವ ಲುದ್ಯಳ ಹೃದಯವನ್ನು ಕರ್ತನು ತೆರೆದನು. ಅವಳ ಊರು ಥುವತೈರ. ಅದು ಇರೋದು ಎಲ್ಲಿ ಗೊತ್ತಾ? ಪೌಲನನ್ನು ತಡೆದಿದ್ದ ಅದೇ ಆಸ್ಯ ಸೀಮೆಯಲ್ಲಿ!

ಆಮೇಲೆ ಪೌಲ, ಸೀಲರಿಗೆ ಅದೇ ಊರಿನಲ್ಲಿ ಛಡಿ ಏಟು ಬಿತ್ತು, ಜೈಲಾಯಿತು. ದೇವರು ಕರೆದ ಕಡೆಗೇ ಹೋಗಿದ್ದರೂ ಕಾಲಿಗೆ ಕೋಳ ಬಿತ್ತು. ಕಷ್ಟ ಬಂದ ತಕ್ಷಣ "ದಾರಿ ತಪ್ಪಿದೆವೇನೋ" ಅಂತ ಅಳುವವರಿಗೆ ನಾನು ಮೊದಲು ತೋರಿಸೋದು ಇದನ್ನೇ.

ಆಸ್ಯದ ಬಾಗಿಲೂ ಮುಚ್ಚಿಯೇ ಉಳಿಯಲಿಲ್ಲ. 19ನೇ ಅಧ್ಯಾಯಕ್ಕೆ ಬನ್ನಿ, ಪೌಲ ಆಸ್ಯದ ಪಟ್ಟಣ ಎಫೆಸದಲ್ಲಿದ್ದಾನೆ, ತುರನ್ನನ ತರ್ಕಶಾಲೆಯಲ್ಲಿ ಎರಡು ವರ್ಷ ದಿನಾ ಬೋಧಿಸುತ್ತಾನೆ, ಆಸ್ಯ ಸೀಮೆಯವರೆಲ್ಲ ಕರ್ತನ ವಾಕ್ಯ ಕೇಳುತ್ತಾರೆ.